ಹವ್ಯಾಸಿ ರಾಕೆಟ್‌ಗಳ ಸುರಕ್ಷತಾ ಸಂಹಿತೆ: ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಕಾಲೇಜೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ವಿದ್ಯಾರ್ಥಿಗಳು ರಾಕೆಟ್ಟಿನ ವಿದ್ಯುನ್ಮಾನ ಘಟಕವೊಂದನ್ನು ಮಾಡಿ ಮೇಜಿನ ಮೇಲಿಟ್ಟಿದ್ದರು. ರಾಕೆಟ್ಟು ಗರಿಷ್ಠ ಎತ್ತರ ಮುಟ್ಟಿದಾಗ ಒಂದು ಚಿಕ್ಕ ಮದ್ದನ್ನು ಹೊತ್ತಿಸಿ ಪ್ಯಾರಾಚೂಟ್ ಹೊರದಬ್ಬುವುದು ಅದರ ಕೆಲಸ. ಪ್ರದರ್ಶನವಾದ್ದರಿಂದ ಮದ್ದಿನ ಬದಲು ಪುಟ್ಟ ಬಲ್ಬನ್ನು ಜೋಡಿಸಿದ್ದರು. ಬ್ಯಾಟರಿ ಜೋಡಿಸಿದೊಡನೆ ಬಲ್ಬು ಒಮ್ಮೆ ಮಿಣುಕಿತು. ಇದೇನೆಂದು ಕೇಳಿದೆ. "ಅದೇನಿಲ್ರಿ ಸಾರ್, ಆನ್ ಮಾಡಿದಾಗ ಒಂದ್ಸಲ ಹಂಗೆ ಮಿಣುಕುತ್ತೆ, ಆಮೇಲೆ ಸರಿ ಹೋಗುತ್ತೆ" ಎಂದ ಹುಡುಗ. ಉಳಿದ ಪ್ರದರ್ಶನ ಸೊಗಸಾಗಿ ನಡೆಯಿತು. ಬಹುಮಾನ ಕೊಟ್ಟೆವು.

ಮನೆಗೆ ಬರುವ ದಾರಿಯಲ್ಲಿ ನನಗೆ ಹೊಳೆಯಿತು: ಆ ಬಲ್ಬಿನ ಜಾಗದಲ್ಲಿ ನಿಜವಾದ ಮದ್ದು ಇದ್ದಿದ್ದರೆ, ಬ್ಯಾಟರಿ ಜೋಡಿಸುತ್ತಿದ್ದವನ ಮುಖದ ಎದುರೇ ಅದು ಸಿಡಿಯುತ್ತಿತ್ತು. ನಾವು ಬಹುಮಾನ ಕೊಟ್ಟದ್ದು ಒಂದು ಅಪಘಾತಕ್ಕೆ. ಈ ಲೇಖನಕ್ಕೆ ಆ ಮಿಣುಕೇ ಪ್ರೇರಣೆ.

ಅಧಿಕ ಶಕ್ತಿಯ ಹವ್ಯಾಸಿ ರಾಕೆಟ್‌ಗಳು ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿವೆ. ನಮ್ಮ ವಿದ್ಯಾರ್ಥಿಗಳಿಗೂ ಅವು ದೂರದ ಸಂಗತಿಯಾಗಿ ಉಳಿದಿಲ್ಲ. ಮಣಿಪಾಲದ ತಾಂತ್ರಿಕ ವಿದ್ಯಾರ್ಥಿಗಳ ತಂಡ ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ನಡೆಯುತ್ತಿದ್ದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್ ಸ್ಪರ್ಧೆಯಲ್ಲಿ ಭಾಗವಹಿಸಿದೆ. 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಇನ್-ಸ್ಪೇಸ್ ಸಂಸ್ಥೆಯ ನೆರವಿನಿಂದ ವಿದ್ಯಾರ್ಥಿಗಳ ಮಾದರಿ ರಾಕೆಟ್ ಸ್ಪರ್ಧೆ ನಡೆಯಿತು. ಇಂಥ ಕೆಲಸಕ್ಕೆ ಕೈಹಾಕುವ ಎಲ್ಲರೂ ಸಾಮಾನ್ಯವಾಗಿ ಮೊರೆಹೋಗುವ ಒಂದು ಪಠ್ಯವಿದೆ. ಅದು 1957ರಲ್ಲಿ ಸ್ಥಾಪಿತವಾದ ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ರೂಪಿಸಿದ ಅಧಿಕ ಶಕ್ತಿ ರಾಕೆಟ್ ಸುರಕ್ಷತಾ ಸಂಹಿತೆ. ಕೆಲವೇ ಪುಟಗಳ ಈ ಸಂಹಿತೆಯನ್ನು ಭೌತವಿಜ್ಞಾನದ ಅಧ್ಯಾಪಕನ ಕಣ್ಣಿನಿಂದ ಪರಿಶೀಲಿಸುವುದು ನನ್ನ ಉದ್ದೇಶ.

ಸಂಹಿತೆಯ ಹಿರಿಮೆ

ರಾಕೆಟ್ ಮೋಟರುಗಳನ್ನು ಅವುಗಳ ಒಟ್ಟು ಆವೇಗಕ್ಕೆ ಅನುಗುಣವಾಗಿ ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಅಕ್ಷರ ಒಂದು ಮುಂದೆ ಹೋದರೆ ಆವೇಗದ ಮಿತಿ ಇಮ್ಮಡಿಯಾಗುತ್ತದೆ. 'ಜಿ' ವರ್ಗದ ಮಿತಿ 160 ನ್ಯೂಟನ್-ಸೆಕೆಂಡ್. ಅದನ್ನು ದಾಟಿದ 'ಎಚ್' ವರ್ಗದಿಂದ ಅಧಿಕ ಶಕ್ತಿಯ ಮೋಟರುಗಳು ಆರಂಭವಾಗುತ್ತವೆ. ಸಂಹಿತೆ ಒಪ್ಪುವ ಗರಿಷ್ಠ ಮಿತಿ 40,960 ನ್ಯೂಟನ್-ಸೆಕೆಂಡ್.

ಸಂಹಿತೆಯ ನಿಯಮಗಳನ್ನು ಗಮನಿಸಿ. ರಾಕೆಟ್ಟಿನ ತೂಕ ಮೋಟರಿನ ಸರಾಸರಿ ನೋದನದ ಮೂರನೆಯ ಒಂದು ಭಾಗವನ್ನು ಮೀರಬಾರದು. ಗಾಳಿಯ ವೇಗ ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರ್ ದಾಟಿದ್ದರೆ ಹಾರಿಸಬಾರದು. ಉಡಾವಣಾ ಸ್ವಿಚ್ಚು ಕೈಬಿಟ್ಟೊಡನೆ ತಾನಾಗಿ ಆರಿದ ಸ್ಥಿತಿಗೆ ಮರಳಬೇಕು. ಅದರ ಜೊತೆ ಶ್ರೇಣಿಯಲ್ಲಿ ಒಂದು ಸುರಕ್ಷಾ ಕೀಲಿ ಇರಬೇಕು. ರಾಕೆಟ್ ಸಿದ್ಧವಾಗುವವರೆಗೆ ಅದನ್ನು ಹಾಕಬಾರದು. ಮೋಟರು ಹೊತ್ತಿಕೊಳ್ಳದಿದ್ದರೆ ಕೀಲಿ ತೆಗೆದು ಅಥವಾ ಬ್ಯಾಟರಿ ಬಿಡಿಸಿ, 60 ಸೆಕೆಂಡು ಕಾದು, ನಂತರವೇ ಹತ್ತಿರ ಹೋಗಬೇಕು. 'ಎಂ' ವರ್ಗದ ಒಂದು ಮೋಟರಿಗೆ 500 ಅಡಿ, 'ಒ' ವರ್ಗಕ್ಕೆ 1,500 ಅಡಿ ದೂರದಲ್ಲಿ ಜನ ನಿಲ್ಲಬೇಕು.

ಈ ನಿಯಮಗಳಲ್ಲಿ ಒಂದು ಸಮಾನ ಗುಣವಿದೆ. ಇವುಗಳಲ್ಲಿ ಯಾವುದೂ ವಿದ್ಯುನ್ಮಾನ ಘಟಕದ ಜಾಣತನವನ್ನು ನಂಬಿಲ್ಲ. ದೂರ, ಕಾಯುವಿಕೆ, ಕೈಯಲ್ಲಿ ಹಿಡಿಯಬಹುದಾದ ಕೀಲಿ, ಕೆಲಸದ ಕ್ರಮ - ಇವನ್ನೇ ನಂಬಿವೆ. ಮಂಡಲ ಕೆಟ್ಟರೂ ಜನ ಉಳಿಯಬೇಕು ಎಂಬುದು ಇದರ ಹಿಂದಿನ ವಿವೇಕ.

ಈ ವಿವೇಕಕ್ಕೆ ದೊಡ್ಡ ರಾಕೆಟ್‌ಗಳ ಜಗತ್ತು ಬೆಲೆ ತೆತ್ತಿದೆ. 1964ರ ಏಪ್ರಿಲ್ 14ರಂದು ಅಮೆರಿಕದ ಕೇಪ್ ಕೆನಡಿಯ ಕಟ್ಟಡವೊಂದರಲ್ಲಿ ಡೆಲ್ಟಾ ರಾಕೆಟ್ಟಿನ ಮೂರನೆಯ ಹಂತದ ಘನ ನೋದಕ ಮೋಟರು ಸ್ಥಿರ ವಿದ್ಯುತ್ತಿನಿಂದ ಹೊತ್ತಿಕೊಂಡು ಮೂವರು ಸತ್ತರು. 2003ರ ಆಗಸ್ಟ್ 22ರಂದು ಬ್ರೆಜಿಲ್‌ನ ಅಲ್ಕಾಂತರ ಕೇಂದ್ರದಲ್ಲಿ ಉಡಾವಣೆಗೆ ಕೆಲವೇ ದಿನಗಳಿದ್ದಾಗ ಮೊದಲ ಹಂತದ ನಾಲ್ಕು ಮೋಟರುಗಳಲ್ಲಿ ಒಂದು ಬೇಡದ ವೇಳೆಯಲ್ಲಿ ಹೊತ್ತಿಕೊಂಡಿತು. 21 ಮಂದಿ ಪ್ರಾಣ ಕಳೆದುಕೊಂಡರು. ಎರಡು ಕಡೆಯೂ ರಾಕೆಟ್ಟು ನೆಲ ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ಸಂಹಿತೆ ಎಡವುವುದೆಲ್ಲಿ?

ರಾಕೆಟ್ಟಿನ ಒಳಗಿರುವ ವಿದ್ಯುನ್ಮಾನ ಘಟಕದ ಬಗ್ಗೆ ಮಾತ್ರ ಸಂಹಿತೆ ಹೆಚ್ಚುಕಡಿಮೆ ಒಂದೇ ವಾಕ್ಯ ಹೇಳುತ್ತದೆ. ರಾಕೆಟ್ ಉಡಾವಣಾ ಸ್ಥಿತಿಯಲ್ಲಿ ನಿಂತಿರುವಾಗ ಹೊರತು ಒಳಗಿನ ಹೊತ್ತಿಸುವ ಮಂಡಲಗಳನ್ನು ತಡೆಹಿಡಿದಿರಬೇಕು ಎಂಬುದು ಅದರ ತಾತ್ಪರ್ಯ. ತಡೆಹಿಡಿಯುವುದು ಎಂದರೇನು? ತಂತಿಯನ್ನೇ ಬಿಡಿಸುವುದೋ, ಇಲ್ಲ ಪ್ರೋಗ್ರಾಮಿನಲ್ಲಿ "ಇನ್ನೂ ಹೊತ್ತಿಸಬೇಡ" ಎಂಬ ಒಂದು ಸಾಲು ಬರೆಯುವುದೋ? ಆ ವಾಕ್ಯದಿಂದ ತಿಳಿಯುವುದಿಲ್ಲ.

ಇವೆರಡರ ನಡುವೆ ಅಜಗಜಾಂತರವಿದೆ. ನಾನು ಕಂಡ ಮಿಣುಕನ್ನೇ ತೆಗೆದುಕೊಳ್ಳಿ. ವಿದ್ಯುತ್ತು ಬಂದ ಕ್ಷಣದಲ್ಲಿ ಮೈಕ್ರೊಕಂಟ್ರೋಲರಿನ ಕಾಲುಗಳು ಸಾಮಾನ್ಯವಾಗಿ 0 ಅಥವಾ 1 ಎಂಬ ನಿಶ್ಚಿತ ಸ್ಥಿತಿಯಲ್ಲಿರುವುದಿಲ್ಲ. ಪ್ರೋಗ್ರಾಮು ಓಡಲು ಆರಂಭಿಸಿ ಆಜ್ಞೆ ಕೊಡುವವರೆಗೆ ಅವು ತೇಲುತ್ತಿರುತ್ತವೆ. ಅಂಥ ಕಾಲಿಗೆ ಜೋಡಿಸಿದ ಮಾಸ್‌ಫೆಟ್ ಸ್ವಿಚ್ಚಿನ ಗೇಟು ಅಕ್ಕಪಕ್ಕದ ಆವೇಶವನ್ನು ಸೆಳೆದುಕೊಂಡು ಕ್ಷಣಕಾಲ ತೆರೆದುಕೊಳ್ಳಬಹುದು. ಪ್ರೋಗ್ರಾಮಿನಲ್ಲಿ ಎಷ್ಟೇ ಎಚ್ಚರಿಕೆಯ ಸಾಲುಗಳಿರಲಿ, ಅವು ಇನ್ನೂ ಓಡಲು ಆರಂಭಿಸಿಯೇ ಇಲ್ಲ! ಗೇಟಿನಿಂದ ಋಣ ತುದಿಗೆ 10 ಕಿಲೋಓಮ್‌ನ ಒಂದು ರೋಧಕ ಜೋಡಿಸಿದರೆ ಗೇಟು ತೇಲುವುದಿಲ್ಲ. ಅದರ ಬೆಲೆ ಒಂದು ಚಹಾಕ್ಕಿಂತ ಕಡಿಮೆ.

ಇದೇ ಮಿಣುಕು ಆಕಾಶದಲ್ಲೂ ಮರುಕಳಿಸಬಹುದು. 45 ಗ್ರಾಂನ 9 ವೋಲ್ಟ್ ಬ್ಯಾಟರಿಯೊಂದು 10 'ಜಿ' ವೇಗೋತ್ಕರ್ಷದಲ್ಲಿ ಸುಮಾರು 4.4 ನ್ಯೂಟನ್ ಬಲದಿಂದ ತನ್ನ ಆಧಾರವನ್ನು ಒತ್ತುತ್ತದೆ. ಒತ್ತುಗುಂಡಿಯಂಥ ಅದರ ಸಂಪರ್ಕ ಕೆಲವು ಮಿಲಿಸೆಕೆಂಡು ಬಿಟ್ಟುಕೊಂಡರೂ ಸಾಕು, ಮೈಕ್ರೊಕಂಟ್ರೋಲರು ಮೊದಲಿನಿಂದ ಶುರುವಾಗುತ್ತದೆ. ಆಗ ಅದು ತಾನು ನೆಲದ ಮೇಲಿದ್ದೇನೆಂದು ತಿಳಿದು ಪ್ಯಾರಾಚೂಟನ್ನು ಬಿಚ್ಚದೇ ಹೋಗಬಹುದು. ಅಥವಾ ಮಿಣುಕಿ, ಪೂರ್ಣ ವೇಗದಲ್ಲಿ ಏರುತ್ತಿರುವಾಗಲೇ ಬಿಚ್ಚಬಹುದು. ಮಂಡಲ 20 ಮಿಲಿಆಂಪಿಯರ್ ಬಳಸುತ್ತದೆ, 2 ವೋಲ್ಟ್ ಇಳಿಕೆಯನ್ನು ತಾಳಿಕೊಳ್ಳುತ್ತದೆ ಎಂದುಕೊಳ್ಳೋಣ. 50 ಮಿಲಿಸೆಕೆಂಡು ಅದನ್ನು ಬದುಕಿಸಿಡಲು 500 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಸಾಕು. ಇದು ಪಿಯುಸಿ ವಿದ್ಯಾರ್ಥಿ ಮಾಡಬಲ್ಲ ಲೆಕ್ಕ.

ಇಂಥ ಸಣ್ಣ ಸಂಪರ್ಕಗಳು ಹವ್ಯಾಸಿಗಳನ್ನು ಮಾತ್ರ ಕಾಡುವುದಿಲ್ಲ. 2010ರ ಡಿಸೆಂಬರ್ 25ರಂದು ಶ್ರೀಹರಿಕೋಟಾದಿಂದ ಮೇಲೇರಿದ ಜಿಎಸ್‌ಎಲ್‌ವಿ-ಎಫ್06ರಲ್ಲಿ ಕಂಪ್ಯೂಟರು ಸರಿಯಾಗಿಯೇ ಇತ್ತು. ಮುಂದಿನ ಘಟ್ಟದಲ್ಲಿ ಕಳಚಬೇಕಿದ್ದ ಸಂಪರ್ಕ ಕೊಂಡಿಗಳು ಹಾರಾಟದ ಮೊದಲ ನಿಮಿಷದಲ್ಲೇ ಕಳಚಿಕೊಂಡವು. ಕಂಪ್ಯೂಟರಿನ ಆಜ್ಞೆ ಕೆಳಗಿನ ಮೋಟರುಗಳನ್ನು ತಲುಪಲಿಲ್ಲ. ದಾರಿತಪ್ಪಿದ ರಾಕೆಟ್ಟನ್ನು ನಾಶಮಾಡಬೇಕಾಯಿತು. ಪತ್ರಿಕೆಗಳು ಇಂಥದ್ದನ್ನು 'ತಾಂತ್ರಿಕ ದೋಷ' ಎಂದು ಬರೆದು ಮುಗಿಸುತ್ತವೆ. ವಿಜ್ಞಾನದ ಮೇಷ್ಟ್ರು ಅಷ್ಟಕ್ಕೇ ಮುಗಿಸಬಾರದು.

ಎರಡಿದ್ದರೆ ಸುರಕ್ಷಿತವೇ?

"ನಮ್ಮಲ್ಲಿ ಎರಡು ಘಟಕಗಳಿವೆ ಸಾರ್, ಒಂದು ಕೆಟ್ಟರೆ ಇನ್ನೊಂದು" ಎಂಬುದು ವಿದ್ಯಾರ್ಥಿಗಳಿಂದ ನಾನು ಹಲವು ಬಾರಿ ಕೇಳಿದ ಉತ್ತರ. ಸಂಹಿತೆ ಈ ಬಗ್ಗೆ ಮೌನವಾಗಿದೆ. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಘಟಕ ಬೇಕಾದಾಗ ಹೊತ್ತಿಸದೇ ಇರುವ ಸಂಭಾವ್ಯತೆ 50ರಲ್ಲಿ 1. ಬೇಡದಾಗ ಹೊತ್ತಿಸುವ ಸಂಭಾವ್ಯತೆ 500ರಲ್ಲಿ 1 ಇರಲಿ. ಎರಡು ಸ್ವತಂತ್ರ ಘಟಕಗಳನ್ನಿಟ್ಟರೆ ಎರಡೂ ಹೊತ್ತಿಸದಿರುವ ಸಂಭಾವ್ಯತೆ 2,500ರಲ್ಲಿ 1ಕ್ಕೆ ಇಳಿಯುತ್ತದೆ. ಆದರೆ ಎರಡರಲ್ಲಿ ಒಂದಾದರೂ ಬೇಡದಾಗ ಹೊತ್ತಿಸುವ ಸಂಭಾವ್ಯತೆ ಸುಮಾರು 250ರಲ್ಲಿ 1ಕ್ಕೆ ಏರುತ್ತದೆ. ರಾಕೆಟ್ಟಿನ ಭರವಸೆ ಹೆಚ್ಚಿತು. ಅದನ್ನು ಕೈಯಲ್ಲಿ ಹಿಡಿದವನ ಅಪಾಯ ಇಮ್ಮಡಿಯಾಯಿತು.

ಬೇಕಾದಾಗ ಹೊತ್ತದಿರುವುದು ಸೋಲು, ಬೇಡದಾಗ ಹೊತ್ತುವುದು ಅಪಘಾತ. ಇವೆರಡು ಬೇರೆ ಬೇರೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ವಿಷವಾಗಬಹುದು. ಸಾಲದ್ದಕ್ಕೆ 'ಸ್ವತಂತ್ರ' ಎಂಬ ಪದವೂ ಸುಲಭಕ್ಕೆ ದಕ್ಕುವುದಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ಟಿನ ಎರಡು ದಿಕ್ಸೂಚಕ ಘಟಕಗಳೂ ಒಂದೇ ಪ್ರೋಗ್ರಾಮನ್ನು ಹೊತ್ತಿದ್ದವು. ಹಿಡಿಸದಷ್ಟು ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ಗಳಲ್ಲಿ ತುಂಬಲು ಹೋಗಿ ಮೀಸಲು ಘಟಕ ಮೊದಲು ನಿಂತಿತು, ಕ್ಷಣಾರ್ಧದಲ್ಲಿ ಮುಖ್ಯ ಘಟಕವೂ ಅದೇ ತಪ್ಪಿನಿಂದ ನಿಂತಿತು. ಒಂದೇ ಬ್ಯಾಟರಿ, ಒಂದೇ ಸ್ವಿಚ್ಚು, ಒಂದೇ ಪ್ರೋಗ್ರಾಮು ಹಂಚಿಕೊಂಡ ಎರಡು ಘಟಕಗಳು ಲೆಕ್ಕಕ್ಕೆ ಎರಡು, ಕೆಡುವಾಗ ಒಂದೇ.

ಮರುಭೂಮಿಯ ಸಂಹಿತೆ, ಗದ್ದೆಯ ನೆಲ

ಸಂಹಿತೆಯ ಇನ್ನೊಂದು ಕೊರತೆ ಅದು ಹುಟ್ಟಿದ ನೆಲದ್ದು. ಉಡಾವಣಾ ಮೈದಾನದ ಅತಿ ಕಿರಿದಾದ ಅಗಲವೂ ಅಲ್ಲಿ ಅನುಮತಿಸಿದ ಗರಿಷ್ಠ ಎತ್ತರದ ಅರ್ಧದಷ್ಟು ಅಥವಾ 1,500 ಅಡಿ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟಿರಬೇಕು ಎನ್ನುತ್ತದೆ ಸಂಹಿತೆ. ತುಂಗಭದ್ರೆಯ ದಂಡೆಯ ಹರಿಹರ, ಅದರ ಬಳಿಯ ನಮ್ಮ ಗುತ್ತೂರಿನ ಸುತ್ತ ಇಂಥ ಜಾಗ ಅಳತೆಗೆ ಸಿಗಬಹುದು. ಬರಿದಾಗಿ ಸಿಗುವುದಿಲ್ಲ. ಭತ್ತ ಕೊಯ್ದ ಗದ್ದೆ ಖಾಲಿ ಎನ್ನುವಷ್ಟರಲ್ಲಿ ಕುರಿಮಂದೆ ಬಂದಿರುತ್ತದೆ, ಬದುವಿನ ಮೇಲೆ ಯಾರೋ ಬುತ್ತಿ ಬಿಚ್ಚಿರುತ್ತಾರೆ.

ಲೆಕ್ಕ ನೋಡಿ. 1,000 ಮೀಟರ್ ಎತ್ತರದಲ್ಲಿ ದೊಡ್ಡ ಪ್ಯಾರಾಚೂಟ್ ಬಿಚ್ಚಿ ರಾಕೆಟ್ಟು ಸೆಕೆಂಡಿಗೆ 6 ಮೀಟರಿನಂತೆ ಇಳಿದರೆ ಸುಮಾರು 167 ಸೆಕೆಂಡು ಬೇಕು. ಸೆಕೆಂಡಿಗೆ 5 ಮೀಟರ್ ಗಾಳಿಯಿದ್ದರೆ ಅದು 830 ಮೀಟರಿಗೂ ಆಚೆ ತೇಲಿಹೋಗುತ್ತದೆ. ಮೊದಲು ಸಣ್ಣ ಪ್ಯಾರಾಚೂಟಿನಲ್ಲಿ ಸೆಕೆಂಡಿಗೆ 20 ಮೀಟರಿನಂತೆ ಇಳಿಸಿ, 150 ಮೀಟರಿನಲ್ಲಿ ದೊಡ್ಡದನ್ನು ಬಿಚ್ಚಿದರೆ ಈ ದೂರ ಸುಮಾರು 340 ಮೀಟರಿಗೆ ಇಳಿಯುತ್ತದೆ. ವಿದ್ಯುನ್ಮಾನ ಘಟಕ ಬೇಕಾದದ್ದು ಇದಕ್ಕೇ. ಅದು ಕೈಕೊಟ್ಟರೆ? 2 ಕಿಲೋಗ್ರಾಂ ರಾಕೆಟ್ಟು 1,000 ಮೀಟರಿನಿಂದ ಮೂತಿ ಕೆಳಗಾಗಿ ಬಿದ್ದಾಗ ಗಾಳಿಯ ತಡೆ ಅರ್ಧ ಶಕ್ತಿಯನ್ನು ಕಳೆದರೂ, ಅದು 50 ಕಿಲೋಗ್ರಾಂ ಅಕ್ಕಿಮೂಟೆ 20 ಮೀಟರಿನಿಂದ ಬಿದ್ದುದಕ್ಕೆ ಸಮ.

ಗುತ್ತೂರಿನಲ್ಲಿ 400 ಕಿಲೋವೋಲ್ಟ್ ವಿದ್ಯುತ್ ಸ್ವೀಕರಣಾ ಕೇಂದ್ರವೂ ಇದೆ. ಸಂಹಿತೆಯ ಪ್ರಕಾರ ಮೈದಾನದಲ್ಲಿ ವಿದ್ಯುತ್ ತಂತಿಗಳು ಅಪಾಯವಾಗಬಾರದು, ತಂತಿಗೆ ಸಿಕ್ಕಿಕೊಂಡ ರಾಕೆಟ್ಟನ್ನು ತೆಗೆಯಲು ಹೋಗಬಾರದು. ಸರಿಯೇ. ಆದರೆ ಇಂಥ ತಂತಿಗಳ ಅಡಿಯಲ್ಲಿ ಮೀಟರಿಗೆ ಕೆಲವು ಕಿಲೋವೋಲ್ಟ್‌ಗಳ ವಿದ್ಯುತ್ ಕ್ಷೇತ್ರವಿರುತ್ತದೆ. ಅಲ್ಲಿ ಹರಡಿದ ಹೊತ್ತಿಸುವ ತಂತಿಯ ಮೇಲೆ ಅದರ ಪ್ರೇರಣೆಯ ಬಗ್ಗೆ ಸಂಹಿತೆ ಏನನ್ನೂ ಹೇಳುವುದಿಲ್ಲ. ಆ ತಂತಿಗಳನ್ನು ಹೆಣೆದು, ಕೊನೆಯ ಕ್ಷಣದವರೆಗೆ ತುದಿಗಳನ್ನು ಒಂದಕ್ಕೊಂದು ಸೇರಿಸಿಡಬೇಕೆಂಬ ಮಾತನ್ನು ನಾವೇ ಸೇರಿಸಿಕೊಳ್ಳಬೇಕು.

ಅಧ್ಯಾಪಕರು ಮಾಡಬೇಕಾದ್ದು

ಮೊದಲನೆಯದಾಗಿ, ನೋದಕವನ್ನೂ ಮದ್ದನ್ನೂ ಶಾಲೆ ಕಾಲೇಜುಗಳಲ್ಲಿ ತಯಾರಿಸಬೇಡಿ, ತಯಾರಿಸಲು ಬಿಡಬೇಡಿ. 1884ರ ಸ್ಫೋಟಕಗಳ ಅಧಿನಿಯಮದ ಪ್ರಕಾರ ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ. ವಿದ್ಯುನ್ಮಾನ ಘಟಕವನ್ನು ಕಲಿಯಲು ಮದ್ದು ಬೇಕಿಲ್ಲ, ಬಲ್ಬು ಸಾಕು.

ಅರ್ಧ ಲೀಟರ್ ನೀರಿನ ಬಾಟಲಿಯೊಳಗೆ ಒತ್ತಡ ಸಂವೇದಕವಿರುವ ಘಟಕವನ್ನಿಟ್ಟು, ಮುಚ್ಚಳದ ಮೂಲಕ 60 ಮಿಲಿಲೀಟರಿನ ಸಿರಿಂಜ್ ಜೋಡಿಸಿ, ಸೋರದಂತೆ ಮಾಡಿ. ಸಿರಿಂಜನ್ನು ಪೂರ್ತಿ ಎಳೆದರೆ ಬಾಯ್ಲನ ನಿಯಮದಂತೆ ಒತ್ತಡ ಸುಮಾರು ಶೇಕಡಾ 11 ಇಳಿಯುತ್ತದೆ. ಹರಿಹರದ ನೆಲದಿಂದ 900 ಮೀಟರಿಗೂ ಹೆಚ್ಚು ಏರಿದಂತೆ. ನಿಧಾನ ಎಳೆದು ಮೆಲ್ಲನೆ ಬಿಡಿ, ಬಲ್ಬು ಹೊತ್ತಬೇಕು. ಎಳೆಯುತ್ತಿರುವಾಗ ನಡುವೆ ಒಮ್ಮೆ ಚಿಟಿಕೆಯಷ್ಟು ಒತ್ತಿಬಿಡಿ, ಹೊತ್ತಬಾರದು. ಬ್ಯಾಟರಿಯನ್ನು ನೂರು ಸಲ ಜೋಡಿಸಿ ಬಿಡಿಸಿ. ಹಳೆಯ ಬ್ಯಾಟರಿ ಹಾಕಿ ನೋಡಿ. ಘಟಕವನ್ನು ಅಲುಗಾಡಿಸಿ ನೋಡಿ. ಬಲ್ಬು ಎಷ್ಟು ಸಲ ಬೇಡದಾಗ ಮಿಣುಕಿತು ಎಂಬುದನ್ನು ವಿದ್ಯಾರ್ಥಿಯೇ ವಹಿಯಲ್ಲಿ ಬರೆಯಲಿ. ಬಲ್ಬಿಗೆ ಹೋಗುವ ತಂತಿಯಲ್ಲಿ ಹೊರಗಿನಿಂದ ತೆಗೆಯಬಲ್ಲ ಒಂದು ಕೀಲಿಯಿರಲಿ. ಅದನ್ನು ಎಲ್ಲಕ್ಕಿಂತ ಕೊನೆಗೆ ಹಾಕುವ ರೂಢಿ ಮೇಜಿನ ಮೇಲೆಯೇ ಬೆಳೆಯಲಿ.

ಸಂಹಿತೆಯನ್ನು ಓದಿ, ವಿದ್ಯಾರ್ಥಿಗಳಿಂದ ಓದಿಸಿ. ಅದು ಒಳ್ಳೆಯ ಪಠ್ಯ, ಅಪೂರ್ಣ ಅಷ್ಟೆ. ಮುಂದಿನ ಸಲ ನೀವು ತೀರ್ಪುಗಾರರಾಗಿ ಕುಳಿತಾಗ ರಾಕೆಟ್ ಎಷ್ಟು ಎತ್ತರ ಹೋಗುತ್ತದೆಂದು ಕೇಳುವ ಮೊದಲು ಆ ವಹಿಯನ್ನು ಕೇಳಿ. ಬಲ್ಬು ಮಿಣುಕಿದರೆ, ನಾನು ಮಾಡಿದಂತೆ ನಕ್ಕು ಮುಂದೆ ಹೋಗಬೇಡಿ. ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಏಕೆ ಮಿಣುಕಿತೆಂದು ಜೊತೆಯಲ್ಲೇ ಹುಡುಕಿ.