ಮಡಿಲಿಗೆ ಹಾಕಿದ ಮಗ

ಚನ್ನಪಟ್ಟಣದ 2024ರ ಉಪಚುನಾವಣೆಯ ಪ್ರಚಾರ ನೋಡಿದವರಿಗೆ ಇದು ಶಾಸಕನನ್ನು ಆರಿಸುವ ಕೆಲಸವೋ, ಮಗನನ್ನು ದತ್ತು ಕೊಡುವ ಶಾಸ್ತ್ರವೋ ಎಂಬ ಅನುಮಾನ ಬಂದಿದ್ದರೆ ಆಶ್ಚರ್ಯವಿಲ್ಲ. ತೊಂಬತ್ತು ದಾಟಿದ ಅಜ್ಜ ಎಚ್.ಡಿ. ದೇವೇಗೌಡರು ಹಳ್ಳಿಗಳನ್ನು ಸುತ್ತಿ ಮೊಮ್ಮಗ ನಿಖಿಲ್‌ಗೆ ಮತ ಕೇಳಿದರು. ಮಂಡ್ಯದಿಂದ ಲೋಕಸಭೆಗೆ ಹೋಗಿ ಈ ಕ್ಷೇತ್ರ ತೆರವು ಮಾಡಿದ್ದ ಅಪ್ಪ ಎಚ್.ಡಿ. ಕುಮಾರಸ್ವಾಮಿ ಪಕ್ಕದಲ್ಲಿ ನಿಂತರು. ನಿಖಿಲ್ ವೇದಿಕೆಯಲ್ಲೇ ಕಣ್ಣೀರು ಹಾಕಿದರು. ನವೆಂಬರ್ 23ರಂದು ಎಣಿಕೆ ಮುಗಿದಾಗ ಕಾಂಗ್ರೆಸ್ಸಿನ ಸಿ.ಪಿ. ಯೋಗೇಶ್ವರ್ 25,413 ಮತಗಳಿಂದ ಗೆದ್ದಿದ್ದರು.

ರಾಮನಗರ ಸೀಮೆಯ ರಾಜಕಾರಣಕ್ಕೆ ತನ್ನದೇ ಒಂದು ಕೌಟುಂಬಿಕ ಭಾಷೆಯಿದೆ. ನಾಯಕ ಇಲ್ಲಿ ಮನೆ ಮಗ. ಪಕ್ಷದ ಹಿರಿಯರು ದೊಡ್ಡಗೌಡ್ರು. ಅಭ್ಯರ್ಥಿಯನ್ನು ಮತದಾರರ ಮಡಿಲಿಗೆ ಹಾಕಲಾಗುತ್ತದೆ. ಗೆದ್ದವರು ಋಣ ತೀರಿಸುತ್ತಾರೆ. ಕೇಳಲು ಹಿತವಾಗಿದೆ. ಆದರೆ ಮಗನನ್ನು ಮಡಿಲಿಗೆ ಹಾಕಿಕೊಂಡವರು ಅವನ ಲೆಕ್ಕ ಕೇಳುವುದು ಹೇಗೆ? ಕೆರೆಗೆ ನೀರೇಕೆ ಬರಲಿಲ್ಲ ಎಂದು ಶಾಸಕನನ್ನು ಕೇಳಬಹುದು, ಮಗನನ್ನು ಕೇಳಿದರೆ ಅದು ಮನೆ ಜಗಳವಾಗುತ್ತದೆ. ಈ ಪದ್ಧತಿಯ ಬಗ್ಗೆ ನನ್ನ ಮೊದಲ ತಕರಾರು ಇದು.

ಆಳುವವನು ಅಪ್ಪ, ಆಳಿಸಿಕೊಳ್ಳುವವರು ಮಕ್ಕಳು ಎಂಬ ವಾದ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಫಿಲ್ಮರ್ ಅರಸನ ಅಧಿಕಾರವನ್ನು ಆದಿಪಿತ ಆದಮನವರೆಗೆ ಒಯ್ದು ಸಮರ್ಥಿಸಿದ್ದ. ಅವನ ಪುಸ್ತಕ 1680ರಲ್ಲಿ ಅಚ್ಚಾಯಿತು. ಒಂಬತ್ತು ವರ್ಷದ ಬಳಿಕ ಜಾನ್ ಲಾಕ್ ಅದನ್ನು ಸಾಲು ಸಾಲಾಗಿ ಕಿತ್ತುಹಾಕಿದ: ಮಗು ಪ್ರಾಯಕ್ಕೆ ಬರುವವರೆಗೆ ಮಾತ್ರ ತಂದೆಯ ಅಧಿಕಾರ, ಪ್ರಾಯದವರನ್ನು ಆಳಬೇಕಾದರೆ ಅವರ ಒಪ್ಪಿಗೆ ಬೇಕು. ಅದಕ್ಕೂ ಐದು ಶತಮಾನ ಮೊದಲೇ ನಮ್ಮಲ್ಲಿ ಬಸವಣ್ಣ ಇನ್ನೂ ದಿಟ್ಟವಾದ ಕೆಲಸ ಮಾಡಿದ್ದ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವನು ಮಾದಾರ ಚೆನ್ನಯ್ಯನನ್ನು ತಂದೆಯ ಸ್ಥಾನದಲ್ಲಿ ಕೂರಿಸಿದ. ಹುಟ್ಟು ಕೊಟ್ಟ ಅಪ್ಪನನ್ನು ಬಿಟ್ಟು ಅಪ್ಪನನ್ನೇ ಆರಿಸಿಕೊಳ್ಳುವ ಆ ನಡೆ ಕನ್ನಡದಲ್ಲಿ ಇರುವಾಗ, ಅಪ್ಪನ ಕ್ಷೇತ್ರ ಮಗನಿಗೆ ಎಂಬ ವಾದ ಇಲ್ಲಿ ಇಷ್ಟು ಸಲೀಸಾಗಿ ನಡೆಯುವುದು ಸೋಜಿಗ.

ಸೋಜಿಗ ಇನ್ನೊಂದಿದೆ. ಈ ಸೀಮೆಯ ಎರಡು ದೊಡ್ಡ ರಾಜಕೀಯ ಮನೆಗಳನ್ನು ಕಟ್ಟಿದವರಿಗೆ ರಾಜಕೀಯದಲ್ಲಿ ಅಪ್ಪನ ಹೆಸರಿರಲಿಲ್ಲ. ಹರದನಹಳ್ಳಿಯ ರೈತನ ಮಗ ದೇವೇಗೌಡರು ಸಹಕಾರ ಸಂಘ, ತಾಲ್ಲೂಕು ಬೋರ್ಡುಗಳಿಂದ ಶುರುಮಾಡಿ 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರ ಗೆದ್ದರು. ಮೂರು ದಶಕದ ಬಳಿಕ, 1994ರಲ್ಲಿ, ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, ಅಲ್ಲಿಂದ 1996ರಲ್ಲಿ ಪ್ರಧಾನಿ. ಕನಕಪುರದ ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ಇದೇ ದೇವೇಗೌಡರ ಎದುರು ಸೋತು, 1989ರಲ್ಲಿ ಅಲ್ಲೇ ಗೆದ್ದು ಬಂದವರು. ಸೋಲು, ಜಗಳ, ಪಕ್ಷದೊಳಗಿನ ಏಟು ಎಲ್ಲವನ್ನೂ ತಿಂದು ಮೇಲೇರಿದವರು ತಮ್ಮ ಮನೆಯವರಿಗೆ ಆ ಮೆಟ್ಟಿಲು ಹತ್ತುವ ಕಷ್ಟ ಬೇಡ ಎಂದುಕೊಂಡರು. ಅಪ್ಪನಾಗಿ ನೋಡಿದರೆ ಇದು ಸಹಜ. ಪಕ್ಷದ ನಾಯಕನಾಗಿ ನೋಡಿದರೆ ಅಕ್ಷಮ್ಯ.

ಜನ ಇದನ್ನೆಲ್ಲ ತಲೆಬಾಗಿ ಒಪ್ಪಿದ್ದಾರೆ ಎಂದು ಬೆಂಗಳೂರಿನಲ್ಲಿ ಕೂತು ಬರೆಯುವವರು ಭಾವಿಸುತ್ತಾರೆ. ದಾಖಲೆ ಬೇರೆಯೇ ಹೇಳುತ್ತದೆ. ದೇವೇಗೌಡರು ಪ್ರಧಾನಿಯಾಗಿ ತೆರವು ಮಾಡಿದ ರಾಮನಗರದಲ್ಲಿ ಅವರ ಪಕ್ಷ ನಿಲ್ಲಿಸಿದ್ದು ಅಂಬರೀಷ್ ಅವರನ್ನು. ಪ್ರಧಾನಿಯ ಕ್ಷೇತ್ರ, ಸಿನಿಮಾದ ಹೀರೋ; ಗೆದ್ದದ್ದು ಕಾಂಗ್ರೆಸ್ಸಿನ ಸಿ.ಎಂ. ಲಿಂಗಪ್ಪ. 2004ರಲ್ಲಿ ವಿಧಾನಸಭೆ, ಲೋಕಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ನಡೆದಾಗ ರಾಮನಗರ ವಿಧಾನಸಭೆ ಕ್ಷೇತ್ರ ಕುಮಾರಸ್ವಾಮಿಯವರನ್ನು ಗೆಲ್ಲಿಸಿತು. ರಾಮನಗರವೂ ಸೇರಿದ್ದ ಕನಕಪುರ ಲೋಕಸಭಾ ಕ್ಷೇತ್ರ ಮಾಜಿ ಪ್ರಧಾನಿಯನ್ನು ಸೋಲಿಸಿ, ರಾಜಕೀಯಕ್ಕೆ ಹೊಸಬರಾದ ಪತ್ರಕರ್ತೆ ತೇಜಸ್ವಿನಿ ಅವರನ್ನು ದಿಲ್ಲಿಗೆ ಕಳಿಸಿತು. 2023ರಲ್ಲಿ ತಾಯಿ ಅನಿತಾ ಬಿಟ್ಟುಕೊಟ್ಟ ರಾಮನಗರದಲ್ಲಿ ನಿಖಿಲ್ 10,715 ಮತಗಳಿಂದ ಇಕ್ಬಾಲ್ ಹುಸೇನ್ ಎದುರು ಸೋತರು. ಅದಕ್ಕೂ ಮೊದಲು, 2019ರಲ್ಲಿ, ಮಂಡ್ಯದ ಸೋಲು. ಸಿನಿಮಾ ಸಮಾರಂಭವೊಂದರಲ್ಲಿ ಅಪ್ಪ ಅಕ್ಕರೆಯಿಂದ ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತನ್ನು ಆಗ ನಾಡೆಲ್ಲ ಆಡಿಕೊಂಡು ನಕ್ಕಿತ್ತು. ಆ ಲೇವಡಿಯಲ್ಲಿ ಒಂದಿಷ್ಟು ಕ್ರೌರ್ಯವಿತ್ತು, ಒಪ್ಪುತ್ತೇನೆ. ಆದರೆ ಮನೆಯ ಅಕ್ಕರೆಯನ್ನು ವೇದಿಕೆಗೆ ತಂದವರು ವೇದಿಕೆಯ ನಗೆಯನ್ನೂ ತಾಳಿಕೊಳ್ಳಬೇಕು.

ಹಾಗಂತ ಮಗ ಸೋತ ಕೂಡಲೇ ಪ್ರಜಾಪ್ರಭುತ್ವ ಗೆದ್ದಿತು ಎಂದು ಕುಣಿಯುವಂತಿಲ್ಲ. 2023ರಲ್ಲಿ ಶಿವಕುಮಾರ್ 1,22,392 ಮತಗಳ ಅಂತರದಿಂದ ಗೆದ್ದ ಕನಕಪುರದಲ್ಲಿ, ಅವರ ನಾಮಪತ್ರಕ್ಕೆ ಏನಾದರೂ ತೊಡಕಾದೀತೆಂದು ಮುಂಜಾಗ್ರತೆಗೆ ನಾಮಪತ್ರ ಹಾಕಿದ್ದು ತಮ್ಮ ಡಿ.ಕೆ. ಸುರೇಶ್. ಅಷ್ಟು ದೊಡ್ಡ ತಾಲ್ಲೂಕಿನಲ್ಲಿ ಎರಡನೆಯ ಹೆಸರು ಮನೆಯ ಹೊರಗೆ ಸಿಗಲಿಲ್ಲ. ಮರುವರ್ಷ ಬೆಂಗಳೂರು ಗ್ರಾಮಾಂತರದಲ್ಲಿ ಸುರೇಶ್ ಅವರನ್ನು ಸೋಲಿಸಿದ್ದು ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್. ಜಯದೇವ ಆಸ್ಪತ್ರೆಯಲ್ಲಿ ಅವರು ಗಳಿಸಿದ ಹೆಸರು ದೊಡ್ಡದು, ಅದು ಮಾವನಿಂದ ಬಂದದ್ದಲ್ಲ. ಆದರೂ ಮತದಾರನ ಮುಂದಿದ್ದ ಆಯ್ಕೆ ನೋಡಿ: ಒಬ್ಬರ ತಮ್ಮ, ಇನ್ನೊಬ್ಬರ ಅಳಿಯ. ಹಿಂದೆ ಇದೇ ಕನಕಪುರ 1983ರ ಉಪಚುನಾವಣೆಯಲ್ಲಿ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯವರನ್ನು ಗೆಲ್ಲಿಸಿತ್ತು. ಜಾತಿಯ ಬಲವಾಗಲಿ ಮನೆತನದ ಹೆಸರಾಗಲಿ ಇಲ್ಲದ ಪಿ.ಜಿ.ಆರ್. ಸಿಂಧ್ಯ ಅವರನ್ನು ಮತ್ತೆ ಮತ್ತೆ ಆರಿಸಿತ್ತು. ಜನ ಕುರುಡರಲ್ಲ. ಜನರ ಮುಂದಿಡುವ ಪಟ್ಟಿ ಗಿಡ್ಡವಾಗಿದೆ.

ಮನೆಯೊಳಗಿನ ಅಪ್ಪನ ವಿಷಯಕ್ಕೆ ಬರೋಣ. ಪ್ರಚಾರಕ್ಕೆ ಬಂದವರು ಜಗಲಿಯಲ್ಲಿ ಕೂತ ಯಜಮಾನನನ್ನು ಕೇಳುವ ಪ್ರಶ್ನೆ ಒಂದೇ: ‘ನಿಮ್ಮನೇಲಿ ಎಷ್ಟು ಓಟು ಗೌಡ್ರೇ?’ ಅವನು ‘ಐದಿವೆ, ಚಿಂತೆ ಬಿಡಿ’ ಎಂದರೆ ಆ ಐದೂ ಅವನ ಜೇಬಿನಲ್ಲಿವೆ ಎಂದು ಬರೆದುಕೊಂಡು ಹೋಗುತ್ತಾರೆ. ಒಳಗೆ ರಾಗಿ ಮುದ್ದೆ ತೊಳಸುತ್ತಿರುವವಳನ್ನು ಯಾರೂ ಕೇಳುವುದಿಲ್ಲ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ತಿಂಗಳಿಗೆ 2,000 ರೂಪಾಯಿ ನೇರ ಹೆಂಗಸಿನ ಖಾತೆಗೆ ಬೀಳತೊಡಗಿದ ಮೇಲೆ ಸರ್ಕಾರದ ಕಾಗದದಲ್ಲಾದರೂ ಆಕೆ ಯಜಮಾನಿ. ಆ ಯೋಜನೆಯ ಖರ್ಚಿನ ಬಗ್ಗೆ ನನಗೆ ತಕರಾರುಗಳಿವೆ. ಆದರೆ ಐದು ಓಟಿನ ಆ ಗಂಟನ್ನು ಸಡಿಲಿಸಿದ್ದರಲ್ಲಿ ಅದರ ಪಾಲಿದೆ ಎಂಬುದು ನನ್ನ ಅಂದಾಜು.

ಚನ್ನಪಟ್ಟಣದಲ್ಲಿ ಕಣ್ಣೀರಿನ ಜೊತೆಗೇ ಇನ್ನೊಂದು ನೀರಿನ ಚರ್ಚೆಯೂ ನಡೆದಿತ್ತು. ತಾಲ್ಲೂಕಿನ ಕೆರೆ ತುಂಬಿಸಿದ್ದು ಯಾರು? ಇಗ್ಗಲೂರು ಬ್ಯಾರೇಜು ಕಟ್ಟಿಸಿದ್ದು ದೇವೇಗೌಡರು, ಅದಿಲ್ಲದಿದ್ದರೆ ನೀರೆಲ್ಲಿತ್ತು ಎಂದಿತು ಒಂದು ಬಣ. ಅಲ್ಲಿಂದ ಕೆರೆಗಳಿಗೆ ನೀರು ಹರಿಸಿದ ಯೋಗೇಶ್ವರ್ ಭಗೀರಥ ಎಂದಿತು ಇನ್ನೊಂದು. ಇಡೀ ಚುನಾವಣೆಯಲ್ಲಿ ನನಗೆ ಮೆಚ್ಚುಗೆಯಾದ ಜಗಳ ಇದೊಂದೇ. ಪಕ್ಷದಿಂದ ಪಕ್ಷಕ್ಕೆ ಹಾರಿದ ಯೋಗೇಶ್ವರ್ ಆದರ್ಶ ಪುರುಷರೇನಲ್ಲ. ಆದರೆ ಪಂಪು, ಪೈಪು, ಕೆರೆಯ ಲೆಕ್ಕದ ಮೇಲೆ ಮತ ಕೇಳಿದರೆ ಸುಳ್ಳೋ ನಿಜವೋ ಎಂದು ಕೆರೆ ಏರಿಯ ಮೇಲೆ ನಿಂತು ನೋಡಬಹುದು. ಮಗನ ಕಣ್ಣೀರನ್ನು ಪರೀಕ್ಷಿಸುವ ಅಳತೆಗೋಲು ಯಾರ ಬಳಿಯೂ ಇಲ್ಲ.

ಈ ಕೌಟುಂಬಿಕ ಭಾಷೆಯ ತುದಿ ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ಅದೇ ವರ್ಷದ ಮೇ ತಿಂಗಳು ಸಾಕ್ಷಿ. ಲೈಂಗಿಕ ದೌರ್ಜನ್ಯದ ಆರೋಪ ಹೊತ್ತು ವಿದೇಶಕ್ಕೆ ಹೋಗಿದ್ದ ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ದೇವೇಗೌಡರು ಬಹಿರಂಗ ಪತ್ರ ಬರೆದು, ವಾಪಸ್ ಬಂದು ಕಾನೂನಿಗೆ ಶರಣಾಗು, ಇಲ್ಲವಾದರೆ ನನ್ನ ಮತ್ತು ಮನೆಯವರ ಕೋಪ ಎದುರಿಸಬೇಕಾಗುತ್ತದೆ ಎಂದು ಎಚ್ಚರಿಸಿದರು. ಬರೆದದ್ದು ಸರಿಯೇ. ಆದರೆ ಹಾಲಿ ಸಂಸದನೊಬ್ಬನನ್ನು ದೇಶಕ್ಕೆ ಕರೆಸಲು ಅಜ್ಜನ ಸಿಟ್ಟು ಬೇಕೆನ್ನಿಸಿದ ರಾಜ್ಯದಲ್ಲಿ ಪೊಲೀಸು, ಪಕ್ಷ, ಸಂಸತ್ತು ಏನು ಮಾಡುತ್ತಿದ್ದವು? ಅವನಿಗೆ 2025ರ ಆಗಸ್ಟಿನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದ್ದು ನ್ಯಾಯಾಲಯ. ಅವನ ಮೇಲಿನ ದೂರು ಹೊತ್ತು ಅಲ್ಲಿಗೆ ಹೋದವಳು ಒಬ್ಬ ಮನೆಗೆಲಸದ ಹೆಂಗಸು.

ವಂಶ ರಾಜಕಾರಣವನ್ನು ಬೈಯುವುದು ಸುಲಭ. ಟಿಕೆಟ್ ಕೇಳಲು ಅಪ್ಪನಿಲ್ಲದವರು ಎಲ್ಲಿಂದ ಬರಬೇಕು ಎಂಬುದು ಕಷ್ಟದ ಪ್ರಶ್ನೆ. ದೇವೇಗೌಡರು ಹತ್ತಿದ ಮೊದಲ ಮೆಟ್ಟಿಲುಗಳಲ್ಲೊಂದು ತಾಲ್ಲೂಕು ಬೋರ್ಡು. ಇಂದಿನ ರೈತನ ಮಗನಿಗೋ ಮಗಳಿಗೋ ಆ ಮೆಟ್ಟಿಲು ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಅವಕ್ಕೆ 2016ರಲ್ಲಿ ಚುನಾವಣೆ ನಡೆದಿತ್ತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ರಾಜ್ಯದ ಮೂರು ದೊಡ್ಡ ಪಕ್ಷಗಳೂ ಸರದಿಯಂತೆ ವಿಧಾನಸಭೆ, ಲೋಕಸಭೆ, ಉಪಚುನಾವಣೆ ಎಂದು ಓಡಾಡಿದವು. ಪಂಚಾಯಿತಿಗಳನ್ನು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಗೆ ಬಿಟ್ಟವು. ಮುಂದಿನ ಸಲ ಯಾರಾದರೂ ಮಗನನ್ನು ಮಡಿಲಿಗೆ ಹಾಕಲು ಬಂದರೆ, ಆರತಿ ತಟ್ಟೆ ಇಳಿಸಿ, ನಮ್ಮ ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ ಎಂದು ಕೇಳಿ.