ಸುಡದೆ ಸವಿಯುವ ಮರ

ಸುಗಂಧದ ಮರವನ್ನು ಸವಿಯುವ ಜಪಾನಿನ ಕಲೆ ಕೋದೋ. ಅದರ ಕೂಟಕ್ಕೆ ಮೊದಲ ಸಲ ಹೋಗುವವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ: ಹೊಗೆಗಾಗಿ ಕಾಯಬೇಡಿ. ಊದುಬತ್ತಿಯ ನಾಡಿನವರಾದ ನಮಗೆ ಧೂಪ ಅಂದರೆ ಹೊಗೆ. ಬತ್ತಿ ಹಚ್ಚಬೇಕು, ತುದಿ ಕೆಂಪಗಾಗಬೇಕು, ದೇವರ ಪಟದ ಮುಂದೆ ಹೊಗೆ ಸುಳಿಯಬೇಕು. ಗಲ್ಫ್ ನಂಟಿರುವ ಭಟ್ಕಳ, ಮಂಗಳೂರು ಕಡೆಯ ಮನೆಗಳಲ್ಲಿ ಊದ್ ಚಕ್ಕೆಯನ್ನು ನೇರ ಕೆಂಡದ ಮೇಲಿಟ್ಟು ಬಟ್ಟೆಗೆಲ್ಲ ಹೊಗೆ ಹಿಡಿಸುವುದೂ ಉಂಟು. ಕೋದೋದಲ್ಲಿ ಮರ ಉರಿಯುವುದೇ ಇಲ್ಲ. ಬಿಸಿಯಾಗುತ್ತದೆ, ಅಷ್ಟೆ. ಎಲ್ಲಾದರೂ ಹೊಗೆ ಕಂಡಿತೋ, ಬೂದಿ ಹದ ಮಾಡಿದವರ ಲೆಕ್ಕ ತಪ್ಪಿತು ಎಂದೇ ಅರ್ಥ.

ಈಚೆಗೆ ಪಶ್ಚಿಮದ ಮರಗೆಲಸದವರು ಕೈಯಲ್ಲೇ ಕಡೆದು ಮಾರುವ ಮರದ ವೇಪರೈಸರ್‌ಗಳನ್ನು ಕೆಲವರು ನೋಡಿರಬಹುದು. ಅಂಗೈಯಲ್ಲಿ ಹಿಡಿಸುವ ನುಣುಪಾದ ಡಬ್ಬಿ. ಅದರೊಳಗೆ ಗಿಡಮೂಲಿಕೆಯನ್ನು ಸುಡದೆ, ಎಣ್ಣೆಯಂಶ ಆವಿಯಾಗುವಷ್ಟೇ ಕಾವು ಕೊಡುತ್ತಾರೆ. ಡಬ್ಬಿ ಹೊಸದು, ಉಪಾಯ ಹಳೆಯದು. ಆ ಉಪಾಯದ ಸುತ್ತ ಒಂದು ಇಡೀ ರಸಿಕತೆಯನ್ನು ಕಟ್ಟಿ, ಅದಕ್ಕೆ ಗುರುಪರಂಪರೆ, ಆಟ, ಅಂಕಪಟ್ಟಿ ಎಲ್ಲವನ್ನೂ ಮಾಡಿಕೊಂಡವರು ಜಪಾನಿನವರು.

ಸುಟ್ಟರೆ ಏನಾಗುತ್ತದೆ? ಯಾವ ಮರವೇ ಆಗಲಿ, ಉರಿದಾಗ ಹೊಗೆಯ ಕಮಟು ಸೇರಿಕೊಳ್ಳುತ್ತದೆ. ಆ ಕಮಟಿನ ಕೆಳಗೆ ಎರಡು ಮರಗಳ ನಡುವಣ ಸಣ್ಣ ವ್ಯತ್ಯಾಸಗಳು ಮುಚ್ಚಿಹೋಗುತ್ತವೆ. ಕಾವು ಮಾತ್ರ ಕೊಟ್ಟರೆ ರಾಳದಲ್ಲಿ ಅಡಗಿರುವುದು ಒಂದೊಂದಾಗಿ ಹೊರಬರುತ್ತದೆ: ಬೇಗ ಹಾರುವಂಥದ್ದು ಮೊದಲು, ಭಾರದ್ದು ಆಮೇಲೆ. ಹಾಗಾಗಿ ಒಂದೇ ಚಕ್ಕೆ ಮೊದಲ ಉಸಿರಿಗೆ ಒಂದು ಥರ, ಮೂರನೆಯ ಉಸಿರಿಗೆ ಇನ್ನೊಂದು ಥರ.

ಮರ ಯಾವುದು ಅಂದರೆ, ಮುಖ್ಯವಾಗಿ ಅಗರು, ಅದೇ ಊದ್. ಆರೋಗ್ಯವಾಗಿರುವ ಅಗರು ಮರ ಬೆಳ್ಳಗೆ, ಹಗುರವಾಗಿ ಇರುತ್ತದೆ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಕೊಂಬೆ ಮುರಿದೋ ಹುಳ ಕೊರೆದೋ ಗಾಯವಾಗಿ ಶಿಲೀಂಧ್ರ ಒಳಹೊಕ್ಕಾಗ, ಮರ ತನ್ನನ್ನು ಕಾಪಾಡಿಕೊಳ್ಳಲು ರಾಳ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೆ ಕಪ್ಪಾದ ಭಾಗಕ್ಕೇ ಬೆಲೆ. ರಾಳ ಹೆಚ್ಚಿದ್ದರೆ ನೀರಿಗೆ ಹಾಕಿದಾಗ ಮುಳುಗುತ್ತದೆ. ನಮ್ಮ ಶ್ರೀಗಂಧದ ಬಗೆಯೇ ಬೇರೆ. ಅದಕ್ಕೆ ಗಾಯ ಬೇಕಿಲ್ಲ, ವಯಸ್ಸಾದಂತೆ ಚೇಗಿಗೆ ತಾನಾಗಿ ಪರಿಮಳ ಕೂಡುತ್ತದೆ, ಸಾಣೆಕಲ್ಲಿನ ಮೇಲೆ ತಣ್ಣೀರಲ್ಲಿ ತೇದರೂ ಘಮ್ಮೆನ್ನುತ್ತದೆ. ಅಗರು ಹಾಗೆ ಸುಲಭಕ್ಕೆ ಬಾಯಿ ಬಿಡುವುದಿಲ್ಲ. ತಣ್ಣಗಿರುವಾಗ ಮೂಸಿ ನೋಡಿದರೆ ಬಹಳ ಸಲ ‘ಇಷ್ಟೇನಾ?’ ಅನಿಸುತ್ತದೆ. ಅದರ ರಾಳದಲ್ಲಿರುವ ಕ್ರೋಮೋನ್ ಎಂಬ ಸಂಯುಕ್ತಗಳು ಕಾವಿಗೆ ಒಡೆದಾಗಲೇ ಪರಿಮಳ ಪೂರ್ತಿಯಾಗುವುದು.

ಜಪಾನಿನಲ್ಲಿ ಈ ಮರ ಬೆಳೆಯುವುದಿಲ್ಲ. ‘ನಿಹೊನ್ ಶೋಕಿ’ ಎಂಬ ಪ್ರಾಚೀನ ಇತಿಹಾಸಗ್ರಂಥದ ಪ್ರಕಾರ 595ರಲ್ಲಿ ಅವಾಜಿ ದ್ವೀಪದ ದಡಕ್ಕೆ ದೊಡ್ಡದೊಂದು ತುಂಡು ತೇಲಿಬಂತು. ಊರವರು ಸೌದೆ ಅಂತಲೇ ಒಲೆಗಿಟ್ಟರು. ಪರಿಮಳ ದೂರದವರೆಗೆ ಹರಡಿದಾಗ ಗಾಬರಿಯಾಗಿ ಅರಮನೆಗೆ ಒಪ್ಪಿಸಿದರು. ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿ ರಾಂಜತಾಯ್ ಎಂಬ ಇನ್ನೊಂದು ತುಂಡಿದೆ. 1.56 ಮೀಟರ್ ಉದ್ದ, 11.6 ಕಿಲೋ ತೂಕ. ಅಧಿಕಾರ ಕೈಗೆ ಬಂದವರಿಗೆಲ್ಲ ಅದರ ಮೇಲೆ ಕಣ್ಣು. 1465ರಲ್ಲಿ ಶೋಗನ್ ಅಶಿಕಾಗಾ ಯೋಶಿಮಸಾ, 1574ರಲ್ಲಿ ದಂಡನಾಯಕ ಓದಾ ನೊಬುನಾಗಾ, 1877ರಲ್ಲಿ ಚಕ್ರವರ್ತಿ ಮೇಯ್ಜಿ, ಹೀಗೆ ಕತ್ತರಿಸಿಕೊಂಡವರ ಹೆಸರಿನ ಚೀಟಿಗಳು ಇವತ್ತಿಗೂ ಆ ಮರದ ಮೇಲೆ ಅಂಟಿಕೊಂಡಿವೆ. ಕದ್ದ ಜಾಗಕ್ಕೆ ರಸೀದಿ ಅಂಟಿಸುವ ಈ ಶಿಸ್ತು ನನಗೆ ಬಹಳ ಇಷ್ಟ.

ಯೋಶಿಮಸಾ ರಾಜ್ಯವಾಳಿದ್ದಕ್ಕಿಂತ ರಸಿಕನಾಗಿಯೇ ಹೆಸರಾದವನು. ಕ್ಯೋತೊದ ಗಿಂಕಾಕುಜಿ ಅವನ ಬೀಡು. ಅವನ ಕಾಲದಲ್ಲೇ ಸಾಂಜೊನಿಶಿ ಸಾನೆತಾಕಾ ಮತ್ತು ಶಿನೊ ಸೋಶಿನ್ ಎಂಬಿಬ್ಬರಿಂದ ಕೋದೋದ ಎರಡು ಪರಂಪರೆಗಳು ಹುಟ್ಟಿದವು. ಒಂದು ಅರಮನೆಯವರದು, ಇನ್ನೊಂದು ಸಮುರಾಯ್‌ಗಳದು. ಅದಕ್ಕೂ ಮೊದಲು ಜಪಾನಿನವರದ್ದು ನಮ್ಮ ದಾರಿಯೇ ಆಗಿತ್ತು: ಹಲವು ದ್ರವ್ಯ ಕುಟ್ಟಿ ಬೆರೆಸಿ ಉಂಡೆ ಕಟ್ಟುವುದು. ‘ಗೆಂಜಿ ಮೊನೊಗತಾರಿ’ ಎಂಬ ಕಾದಂಬರಿಯ ಒಂದು ಅಧ್ಯಾಯದಲ್ಲಿ ಅಂಥ ಮಿಶ್ರಣಗಳ ಪಂದ್ಯವೇ ನಡೆಯುತ್ತದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಲ್ಲಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳಿಗೆಂದೇ ಒಂದು ಅಧ್ಯಾಯ ಬರೆದ, ನೂರು ವರ್ಷದ ನಂತರ ಕಲ್ಯಾಣದ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಧೂಪವನ್ನು ರಾಜಭೋಗಗಳ ಸಾಲಿಗೆ ಸೇರಿಸಿದ. ನಾವು ಬೆರೆಸುವುದರಲ್ಲಿ ಮುಂದುವರಿದೆವು. ಅವರು ಬೆರೆಸುವುದನ್ನು ಬದಿಗಿಟ್ಟು, ಒಂದೇ ಮರದ ಒಂದೇ ಚೂರಿನ ಮುಂದೆ ಕೂತರು.

ಈಗ ಬಟ್ಟಲಿಗೆ ಬರೋಣ. ಅಂಗೈಯಲ್ಲಿ ಕೂರುವ ಪಿಂಗಾಣಿ ಬಟ್ಟಲು, ತುಂಬ ನಯವಾದ ಬೂದಿ. ಚೆನ್ನಾಗಿ ಕಾದ ಸಣ್ಣ ಇದ್ದಿಲನ್ನು ಬೂದಿಯ ಮಧ್ಯೆ ಹೂತು, ಮೇಲೆ ಬೂದಿಯನ್ನೇ ಗುಡ್ಡೆ ಮಾಡುತ್ತಾರೆ. ಚಪ್ಪಟೆ ಲೋಹದ ಪಟ್ಟಿಯಿಂದ ಬಟ್ಟಲನ್ನು ತಿರುಗಿಸುತ್ತ ತಟ್ಟಿ ತಟ್ಟಿ ಗೋಪುರದ ಆಕಾರಕ್ಕೆ ತರುತ್ತಾರೆ, ಲೋಹದ ಕಡ್ಡಿಯಿಂದ ಇಳಿಜಾರಿನ ಮೇಲೆ ಗೀರು ಹಾಕುತ್ತಾರೆ, ಅಂಚಿಗೆ ಬಿದ್ದ ಬೂದಿಯನ್ನು ಗರಿಯಿಂದ ಗುಡಿಸುತ್ತಾರೆ. ಕೊನೆಗೆ ನೆತ್ತಿಯಿಂದ ಇದ್ದಿಲಿನವರೆಗೆ ಕಡ್ಡಿ ಚುಚ್ಚಿ ಕಾವು ಬರಲು ದಾರಿ ಮಾಡುತ್ತಾರೆ. ಆ ತೂತಿನ ಮೇಲೆ ಅಭ್ರಕದ ತೆಳು ಬಿಲ್ಲೆ, ನಮ್ಮ ಹಳ್ಳಿಗಳಲ್ಲಿ ಕಾಗೆ ಬಂಗಾರ ಅಂತೀವಲ್ಲ ಅದು. ಅದರ ಮೇಲೆ ಅಗರಿನ ಚೂರು, ಅರ್ಧ ಅಕ್ಕಿಕಾಳಿನಷ್ಟು. ಇಷ್ಟೆಲ್ಲ ಸಿದ್ಧತೆ ಆ ಅರ್ಧ ಕಾಳಿಗಾಗಿ.

ಹೊಸಬರ ಕಣ್ಣು ಬೂದಿಯ ಚಿತ್ತಾರದ ಮೇಲೆ ನಿಲ್ಲುತ್ತದೆ, ನಿಲ್ಲಲಿ, ಅದು ನೋಡುವಂತೆಯೇ ಇರುತ್ತದೆ. ಆದರೆ ಕೈಚಳಕ ಇರುವುದು ಆಳದಲ್ಲಿ. ಇದ್ದಿಲು ತೀರ ಮೇಲಿದ್ದರೆ ಚೂರು ಕರಟುತ್ತದೆ, ತೀರ ಕೆಳಗಿದ್ದರೆ ಮರ ಮೂಕ. ಬಿಲ್ಲೆ ಇಡುವ ಮೊದಲು ಆತಿಥೇಯರು ಬಟ್ಟಲಿನ ಮೇಲೆ ಒಂದು ಕ್ಷಣ ಕೈ ಹಿಡಿಯುತ್ತಾರೆ. ಅದು ಮುದ್ರೆಯಲ್ಲ, ಕಾವಿನ ಅಳತೆ. ಅಲ್ಲಿಂದ ಮುಂದಿನದೆಲ್ಲ ಆ ಅಂಗೈಯ ಅಂದಾಜು.

ಬಟ್ಟಲು ನಿಮ್ಮ ಕೈಗೆ ಬಂದಾಗ ಎಡ ಅಂಗೈ ಮೇಲೆ ಇಟ್ಟುಕೊಳ್ಳಿ. ಬಲಗೈಯನ್ನು ಮೇಲೆ ಮುಚ್ಚಳದಂತೆ ಬಾಗಿಸಿ, ಹೆಬ್ಬೆರಳಿನ ಹತ್ತಿರ ಸಂದು ಬಿಟ್ಟು, ಅಲ್ಲಿಗೆ ಮೂಗು ತನ್ನಿ. ಮೆಲ್ಲಗೆ ಎಳೆದುಕೊಳ್ಳಿ. ಉಸಿರು ಬಿಡುವಾಗ ಮುಖ ಪಕ್ಕಕ್ಕಿರಲಿ, ಬಟ್ಟಲಿನೊಳಕ್ಕೆ ಉಸಿರು ಬಿಡುವುದು ಅಪಚಾರ ಮಾತ್ರವಲ್ಲ, ಬೂದಿಯೂ ಹಾರೀತು. ಮೂರು ಸಲ ಆಯಿತೇ, ಪಕ್ಕದವರಿಗೆ ದಾಟಿಸಿ. ಇಟ್ಟುಕೊಂಡು ಕೂತರೆ ಕೊನೆಯವರ ಪಾಲಿಗೆ ಬರೀ ಬಿಸಿ ಬಟ್ಟಲು. ಕೂಟದ ದಿನ ಸೆಂಟು, ಮಲ್ಲಿಗೆ, ಘಾಟಿನ ತಲೆಎಣ್ಣೆ ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದಿಡಿ, ಬಟ್ಟಲಿಗೆ ತಾಗುತ್ತವೆ. ಬೆಳ್ಳುಳ್ಳಿ ಒಗ್ಗರಣೆಯ ಊಟವನ್ನೂ ಮುಂದೂಡಿ.

ಪುಸ್ತಕ ತೆರೆದರೆ ಮೊದಲು ಸಿಗುವುದು ‘ಆರು ದೇಶ, ಐದು ರುಚಿ’ ಎಂಬ ವಿಂಗಡಣೆ. ಕ್ಯಾರಾ, ರಾಕೊಕು, ಮನಾಕಾ, ಮನಾಬಾನ್, ಸುಮೊತಾರಾ, ಸಾಸೋರಾ ಇವು ಆರು ಜಾತಿ. ಸಿಹಿ, ಹುಳಿ, ಖಾರ, ಉಪ್ಪು, ಕಹಿ ಇವು ಐದು ರುಚಿ. ವಿಯೆಟ್ನಾಮಿನ ಕ್ಯಾರಾ ಎಲ್ಲಕ್ಕಿಂತ ಮೇಲು, ಗ್ರಾಮಿನ ಲೆಕ್ಕದಲ್ಲಿ ಚಿನ್ನವನ್ನೂ ಹಿಂದೆ ಹಾಕುತ್ತದೆ. ಮನಾಬಾನ್ ಮಲಬಾರಿನದು ಎಂಬ ವಿವರಣೆ ರೂಢಿಯಲ್ಲಿದೆ, ನಮ್ಮ ಕರಾವಳಿಯವರಿಗೆ ಹೆಸರಿನಲ್ಲಿ ಅಷ್ಟು ನೆಂಟಸ್ತಿಕೆ. ಈ ಕೋಷ್ಟಕ ಹಿಡಿದುಕೊಂಡು ಕೂಟಕ್ಕೆ ಹೋಗಬೇಡಿ ಎಂಬುದು ನನ್ನ ಸಲಹೆ. ‘ಇದರಲ್ಲಿ ಹುಳಿ ಇದೆಯಾ?’ ಎಂದು ಹುಡುಕಲು ಹೊರಟವರಿಗೆ ಹುಳಿ ಸಿಕ್ಕೇ ಸಿಗುತ್ತದೆ, ಮರ ಸಿಗುವುದಿಲ್ಲ. ರಾಗದ ಹೆಸರು ಗೊತ್ತಾದ ಕೂಡಲೇ ಕೇಳುವುದನ್ನು ನಿಲ್ಲಿಸುವ ಸಭಿಕರನ್ನು ಸಂಗೀತ ಕಛೇರಿಗಳಲ್ಲಿ ನೋಡಿದ್ದೇವಲ್ಲ. ಮೊದಲಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಸರಳ: ಇದು ಆಗಿನದೇನಾ, ಬೇರೆಯದಾ?

ಆ ಪ್ರಶ್ನೆಯನ್ನೇ ಆಟವಾಗಿಸಿದ್ದು ಎದೊ ಕಾಲದ ಗೆಂಜಿಕೋ. ಐದು ಬಗೆಯ ಮರ, ಒಂದೊಂದಕ್ಕೂ ಐದೈದು ಪೊಟ್ಟಣ, ಒಟ್ಟು 25. ಎಲ್ಲ ಕಲಸಿ ಐದನ್ನು ಎತ್ತಿಕೊಳ್ಳುತ್ತಾರೆ. ಬಟ್ಟಲು ಐದು ಸಲ ಸುತ್ತು ಬರುತ್ತದೆ. ಮುಂಚಿತವಾಗಿ ರುಚಿ ತೋರಿಸುವುದಿಲ್ಲ, ಹಿಂದಿನದನ್ನು ಮತ್ತೆ ಕೊಡಿ ಅನ್ನುವಂತಿಲ್ಲ. ಯಾವ ಮರ ಎಂದು ಯಾರೂ ಕೇಳುವುದೂ ಇಲ್ಲ. ಯಾವುದು ಯಾವುದರ ಜೋಡಿ ಎಂದಷ್ಟೇ ಹೇಳಬೇಕು.

ಉತ್ತರ ಬರೆಯುವ ರೀತಿ ನೋಡಿ. ಕಾಗದದ ಮೇಲೆ ಬಲದಿಂದ ಎಡಕ್ಕೆ ಐದು ನೇರ ಗೆರೆ ಎಳೆಯಬೇಕು, ಒಂದೊಂದು ಸುತ್ತಿಗೆ ಒಂದೊಂದು. ಒಂದೇ ಮರ ಅನಿಸಿದ ಸುತ್ತುಗಳ ಗೆರೆಗಳನ್ನು ನೆತ್ತಿಯಲ್ಲಿ ಅಡ್ಡಗೆರೆಯಿಂದ ಸೇರಿಸಬೇಕು. ಐದೂ ಬೇರೆ ಎಂದರೆ ಐದು ಬಿಡಿ ಗೆರೆ, ಐದೂ ಒಂದೇ ಎಂದರೆ ಎಲ್ಲಕ್ಕೂ ಒಂದೇ ಸೂರು. ಇಂಥ ಜೋಡಣೆಗಳು ಒಟ್ಟು 52, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಗಣಿತದವರು ಬೆಲ್ ಸಂಖ್ಯೆ ಎಂದು ಕರೆಯುವ ಸಾಲಿನಲ್ಲಿ ಇದು ಐದರ ಲೆಕ್ಕ. ಗೆಂಜಿ ಕಾದಂಬರಿಗೆ ಅಧ್ಯಾಯ 54. ಮೊದಲನೆಯದು, ಕೊನೆಯದು ಬಿಟ್ಟು ಉಳಿದ 52ರ ಹೆಸರನ್ನು ಈ ಗೆರೆಚಿತ್ರಗಳಿಗೆ ಹಂಚಿದ್ದಾರೆ. ಬಿಡಿ ಗೆರೆಗಳದ್ದು ‘ಹಹಾಕಿಗಿ’, ಒಂದೇ ಸೂರಿನದ್ದು ‘ತೆನಾರಾಯ್’. ಹಾಗಾಗಿ ಉತ್ತರದ ಚೀಟಿಯಲ್ಲಿ ಅಂಕಿ ಇರುವುದಿಲ್ಲ, ಅಧ್ಯಾಯದ ಹೆಸರು ಇರುತ್ತದೆ. ಕಿಮೊನೊ ಅಂಚಿನಲ್ಲಿ, ಮಿಠಾಯಿ ಮೇಲೆ ಈ ಗೆರೆಗಳನ್ನು ನೋಡಿ ಏನೋ ಕಿಟಕಿ ಚಿತ್ರ ಎಂದುಕೊಂಡವರು ಬಹಳ.

ಆಡಲು ಕೂತಾಗ ಗೊತ್ತಾಗುತ್ತದೆ, ಸೋಲುವುದು ಮೂಗಲ್ಲ, ನೆನಪು. ಮೂರನೆಯ ಬಟ್ಟಲು ಬರುವ ಹೊತ್ತಿಗೆ ಮೊದಲನೆಯದು ಮಸುಕಾಗಿರುತ್ತದೆ. ಪಳಗಿದವರು ಅದಕ್ಕೇ ಒಂದೊಂದು ಬಟ್ಟಲಿಗೂ ಒಂದು ಗುರುತು ಕಟ್ಟಿಕೊಳ್ಳುತ್ತಾರೆ: ಅಜ್ಜಿಯ ಪೆಟ್ಟಿಗೆ, ಮಳೆ ಬಿದ್ದ ಗೋಡೆ, ಯಾವುದಾದರೂ ಸರಿ. ಗುರುತು ನಿಮ್ಮದೇ ಆಗಿರಬೇಕು, ಪುಸ್ತಕದ್ದಲ್ಲ.

ಕ್ಯೋತೊದ ಹಳೆಯ ಧೂಪದ ಅಂಗಡಿಗಳು ಹೊಸಬರಿಗಾಗಿ ಕೂಟ ನಡೆಸುತ್ತವೆ. ಅಲ್ಲಿಗೆ ಹೋಗಲಾಗದವರು ಮನೆಯಲ್ಲೇ ಶುರು ಮಾಡಬಹುದು. ಕಾವನ್ನು ಹೆಚ್ಚುಕಡಿಮೆ ಮಾಡಬಲ್ಲ ವಿದ್ಯುತ್ ಧೂಪಪಾತ್ರೆಗಳು ಸಿಗುತ್ತವೆ. ಶಾಸ್ತ್ರಿಗಳಿಗೆ ಅದು ಸೇರದು, ಕಲಿಯುವವರಿಗೆ ಅದೇ ವಾಸಿ, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಪಾಯವೂ ತಪ್ಪುತ್ತದೆ. ಅತಿ ಕಡಿಮೆ ಕಾವಿನಿಂದ ಶುರು ಮಾಡಿ, ವಾಸನೆ ಏಳುವವರೆಗೆ ಮಾತ್ರ ಏರಿಸಿ. ಶ್ರೀಗಂಧದ ಚೂರನ್ನು ಸರ್ಕಾರಿ ಮಳಿಗೆಯಿಂದಲೇ ತನ್ನಿ, ರಸೀದಿ ಜೋಪಾನ, ಕರ್ನಾಟಕದಲ್ಲಿ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಅಗರು ತೋಟದಲ್ಲಿ ಬೆಳೆಸಿದ್ದಾದರೆ ಸಾಕು. ಕಾಡಿನ ಮರ ಕಡಿದು ಕಡಿದು ಈ ಜಾತಿಯನ್ನೆಲ್ಲ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತರಬೇಕಾಗಿ ಬಂದಿದೆ. ನಮ್ಮ ಮಲೆನಾಡಿನ ಕೆಲವು ಅಡಿಕೆ ತೋಟಗಳಲ್ಲೂ ಈಗ ಅಗರು ಗಿಡಗಳಿವೆ. ಅಸ್ಸಾಮಿನದೊಂದು, ಆಗ್ನೇಯ ಏಷ್ಯಾದ್ದೊಂದು ಇಟ್ಟುಕೊಂಡು, ಮನೆಯವರೊಬ್ಬರಿಗೆ ‘ನನಗೆ ಹೇಳದೆ ಅದಲುಬದಲು ಮಾಡಿ ಕೊಡು’ ಎನ್ನಿ. ಗಂಧವನ್ನು ಅಗರಿನಿಂದ ಬೇರ್ಪಡಿಸುವುದು ಮಕ್ಕಳಾಟ. ಎರಡು ಅಗರುಗಳ ನಡುವೆ ತಡವರಿಸಿದಾಗ ಕಲಿಕೆ ಶುರು.

ಇನ್ನು, ಕೂಟದಲ್ಲಿ ಗೆದ್ದರೆ ಸಿಗುವುದೇನು? ಎಲ್ಲರ ಉತ್ತರ, ಅಂಕಗಳನ್ನು ಕೂಟದ ಲಿಪಿಕಾರರು ಕುಂಚದಲ್ಲಿ ಬರೆದ ಹಾಳೆ, ಅಷ್ಟೇ. ಹೆಚ್ಚು ಅಂಕ ಪಡೆದವರು ಅದನ್ನು ಮನೆಗೊಯ್ಯುತ್ತಾರೆ. ಇಬ್ಬರಿಗೆ ಸಮ ಬಂದರೆ ಮೇಲಿನ ಆಸನದವರಿಗೆ ಸಲ್ಲುತ್ತದೆ, ಅದರಲ್ಲಿ ತಕರಾರಿಲ್ಲ.