ಲೀ–ಯಾಂಗರ ಪ್ರಬಂಧವೂ ‘ಮಿಥ್ಯಾ ಅದಿಶ’ವೂ

ತ್ಸುಂಗ್ ದಾವ್ ಲೀ, ಚೆನ್ ನಿಂಗ್ ಯಾಂಗ್ ಎಂಬ ಇಬ್ಬರು ವಿದ್ವಾಂಸರು 1956ರ ಅಕ್ಟೋಬರಿನಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಭೌತವಿಜ್ಞಾನಿಗಳಿಗಾಗಿ ಬರೆದುದಾದರೂ, ಪ್ರಮಾಣವಿಚಾರದಲ್ಲಿ ಆಸಕ್ತಿಯುಳ್ಳವರೆಲ್ಲರೂ ಓದತಕ್ಕುದಾಗಿದೆ. ಅದರ ಹಿರಿಮೆಯು ಹೊಸ ಸಿದ್ಧಾಂತವನ್ನು ಸ್ಥಾಪಿಸಿದುದರಲ್ಲಿಲ್ಲ. ಎಲ್ಲರೂ ನಂಬಿದ್ದ ಒಂದು ನಿಯಮಕ್ಕೆ ಸಾಕ್ಷ್ಯವೆಲ್ಲಿದೆಯೆಂದು ಕೇಳಿದುದರಲ್ಲಿದೆ.

ಥೀಟಾ, ಟೌ ಎಂಬ ಎರಡು ಕಣಗಳಿಗೆ ತೂಕವೂ ಆಯುಸ್ಸೂ ಒಂದೇ ಎಂದು ಅಳತೆಗಳು ತೋರಿಸಿದ್ದುವು. ಆದರೆ ಥೀಟಾ ಎರಡು ಪೈಯಾನುಗಳಾಗಿಯೂ ಟೌ ಮೂರಾಗಿಯೂ ಒಡೆಯುತ್ತಿದ್ದುವು. ಪೈಯಾನು ‘ಮಿಥ್ಯಾ ಅದಿಶ’ ಕಣ. ಎಂದರೆ ಎಡಬಲಗಳನ್ನು ಅದಲುಬದಲು ಮಾಡಿದಾಗ ಅದರ ಚಿಹ್ನೆ ತಿರುಗುವುದು. ಎರಡು ಋಣಗಳ ಗುಣಲಬ್ಧ ಧನ, ಮೂರರದು ಋಣ. ಕಣಗಳ ಪರಸ್ಪರ ಚಲನೆಯನ್ನು ಗಣಿಸಿದ ಮೇಲೆಯೂ ಈ ಭೇದ ಉಳಿಯಿತು. ಎಡಬಲಗಳ ಸಮತೆ ನಿಸರ್ಗನಿಯಮವಾದರೆ ಅವೆರಡೂ ಬೇರೆಯಾಗಿರಲೇಬೇಕು. (ಈ ಹೆಸರೇ ದಾರಿತಪ್ಪಿಸುವಂಥದು. ‘ಮಿಥ್ಯಾ’ ಎಂದೊಡನೆ ವೇದಾಂತವನ್ನು ಬಲ್ಲವನಿಗೆ ತೋರಿಕೆಯೆಂಬ ಅರ್ಥ ಹೊಳೆಯುವುದು. ಮೂರು ಸದಿಶಗಳಿಂದಾದ ಘನಾಕೃತಿಯ ಗಾತ್ರಕ್ಕೆ ಕನ್ನಡಿಯಲ್ಲಿ ಚಿಹ್ನೆ ಬದಲಾದ ಮಾತ್ರಕ್ಕೆ ಗಾತ್ರವು ಸುಳ್ಳಾಗದು.)

ಪ್ರಬಂಧದ ಸಾರವಿರುವುದು ಮುಂದಿನ ಭಾಗದಲ್ಲಿ. ಬೀಟಾ ಕ್ಷಯದ ಮೇಲೆ ಅದುವರೆಗೆ ನಡೆದಿದ್ದ ಪ್ರಯೋಗಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಯಾವುದೂ ಮಿಥ್ಯಾ ಅದಿಶವೊಂದನ್ನು ಅಳೆದಿಲ್ಲವೆಂದು ಲೇಖಕರು ತೋರಿಸುತ್ತಾರೆ. ಶಕ್ತಿ, ಆಯುಸ್ಸು, ಕಣಗಳ ದಾರಿಗಳ ನಡುವಣ ಕೋನ ಇವೆಲ್ಲವೂ ಕನ್ನಡಿಯಲ್ಲಿ ಇದ್ದಂತೆಯೇ ಇರುವುವು. ಅವನ್ನು ಸಾವಿರ ಸಲ ಅಳೆದರೂ ಎಡಬಲದ ಪ್ರಶ್ನೆಗೆ ಉತ್ತರ ದೊರೆಯದು. ಅಳೆಯಬೇಕಾದುದು ಬೀಜಕೇಂದ್ರದ ಸ್ವಭ್ರಮಣ, ಇಲೆಕ್ಟ್ರಾನಿನ ಸಂವೇಗ ಇವುಗಳ ಅದಿಶ ಗುಣಲಬ್ಧವನ್ನು. ಭ್ರಮಣಾಕ್ಷಕ್ಕೆ ಅಡ್ಡವಾಗಿ ಕನ್ನಡಿ ಹಿಡಿದರೆ ಅಕ್ಷದ ಗುಂಟ ಸಾಗುವ ಸಂವೇಗ ಹಿಮ್ಮುಖವಾಗುವುದು, ಭ್ರಮಣ ಆಗದು. ಆ ಗುಣಲಬ್ಧದ ಸರಾಸರಿ ಸೊನ್ನೆಯಲ್ಲವೆಂದು ಕಂಡುಬಂದರೆ ನಿಯಮ ಬಿದ್ದಂತೆಯೇ ಸರಿ. ಹತ್ತು ಗ್ರಂಥಗಳು ಹೇಳುತ್ತವೆಂಬುದನ್ನೇ ಪ್ರಮಾಣವಾಗಿ ಹಿಡಿಯುವ ಕವಿಕಾಲನಿರ್ಣಯದ ವಾದಗಳನ್ನು ಕಂಡವರಿಗೆ, ಸಾಕ್ಷ್ಯದ ಬಾಹುಳ್ಯವನ್ನು ಅದರ ಪ್ರಸಕ್ತಿಯಿಂದ ಹೀಗೆ ನಿರ್ದಾಕ್ಷಿಣ್ಯವಾಗಿ ಬೇರ್ಪಡಿಸಿದುದರ ಬೆಲೆ ತಿಳಿದೀತು.

ಕೊನೆಯ ಭಾಗ ಅಷ್ಟು ದೃಢವಾಗಿಲ್ಲ. ನಿಯಮ ಮುರಿದರೂ ಬಲಗೈಯವು, ಎಡಗೈಯವು ಎಂಬ ಎರಡು ಬಗೆಯ ಪ್ರೋಟಾನುಗಳಿದ್ದು ಒಟ್ಟಿನಲ್ಲಿ ಸಮತೆ ಉಳಿದೀತೆಂದು ಲೇಖಕರು ಸೂಚಿಸುತ್ತಾರೆ. ಪ್ರಶ್ನೆಯಲ್ಲಿದ್ದ ಧೈರ್ಯ ಈ ಸಮಾಧಾನದಲ್ಲಿ ಕಾಣದು.

ಚಿಯೆನ್ ಶಿಯುಂಗ್ ವೂ ಅವರೂ ವಾಷಿಂಗ್ಟನ್ನಿನಲ್ಲಿದ್ದ ಅವರ ಸಹೋದ್ಯೋಗಿಗಳೂ ಕೋಬಾಲ್ಟ್ 60ರ ಬೀಜಕೇಂದ್ರಗಳನ್ನು ಅತಿಶೀತದಲ್ಲಿ ಒಂದೇ ದಿಕ್ಕಿಗೆ ಅಣಿಗೊಳಿಸಿ ನೋಡಿದರು. ಇಲೆಕ್ಟ್ರಾನುಗಳು ಸ್ವಭ್ರಮಣಕ್ಕೆ ವಿರುದ್ಧವಾದ ದಿಕ್ಕಿನಲ್ಲಿಯೇ ಹೆಚ್ಚಾಗಿ ಹೊರಬಿದ್ದುವು. ಈ ಫಲ 1957ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಥೀಟಾ, ಟೌ ಒಂದೇ ಕಣವೆಂದಾಯಿತು. ಆ ವರ್ಷದ ನೊಬೆಲ್ ಪಾರಿತೋಷಕ ಲೀ, ಯಾಂಗರಿಗೆ ಸಂದಿತು. ವೂ ಅವರಿಗೆ ಸಲ್ಲಲಿಲ್ಲ.